ಬಾವಿಯ ತೊಲೆಯಿಂದ ನಲವತ್ತೊಂದು ಪೆನ್ನು

ಫೆಬ್ರವರಿ 22, 2016, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೋಳಿ ಕೆದರಿದಂತಿದೆ. ಇಷ್ಟು ಸಾಕು.

ಫೆಬ್ರವರಿ 23, ಮಂಗಳವಾರ

ಇವತ್ತೂ ಕೋಳಿ.

ಫೆಬ್ರವರಿ 25, ಗುರುವಾರ

ದವಾಖಾನೆಯಲ್ಲಿ ಕೈಕಾಲಿಗೆ ಕಸರತ್ತು ಮಾಡಿಸುವ ಹುಡುಗಿ ನೋಟ್‌ಬುಕ್ ನೋಡಿ ನಕ್ಕಳು. “ಇಷ್ಟೇ ಏನ್ರಿ ಕಾಕಾ? ದಿನಾ ಅರ್ಧಾ ಪೇಜ ಬರೀರಿ ಅಂದಿದ್ದೆ. ನಾ ಓದಂಗಿಲ್ರಿ, ಸಾಲ್ ಎಣಿಸ್ತೀನಿ ಅಷ್ಟೇ. ಏನೂ ತೋಚಲಿಲ್ಲಂದ್ರ ನಿಮ್ಮದೇ ಬರೀರಿ.” ಅವಳು ಡಾಕ್ಟರ್ ಅಲ್ಲವಂತೆ. ಬೈಗುಳ ಮಾತ್ರ ದೊಡ್ಡ ಡಾಕ್ಟರರದೇ.

ಸರಿ, ನನ್ನದೇ. ಹೆಸರು ಮಚ್ಛೇಂದ್ರ. ವಯಸ್ಸು ಐವತ್ತೆಂಟು. ಬೀದರಿನ ಮೈಲೂರಿನಲ್ಲಿ ಮನೆ, ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಖರಾದಿ ಮಷೀನು. ಕಟ್ಟಿಗೆಯನ್ನು ಗರಗರ ತಿರುಗಿಸಿ, ಉಳಿ ಹಿಡಿದು ದುಂಡಗೆ ಮಾಡುವ ಕೆಲಸ. ಮಂಚದ ಕಾಲು, ಲಟ್ಟಣಿಗೆ, ತೊಟ್ಟಿಲಿನ ಕಂಬ. ಈ ಊರಿನ ಅರ್ಧ ಜನ ಹುಟ್ಟಿದ್ದು ನನ್ನ ಮಂಚದ ಮೇಲೆ, ಅತ್ತಿದ್ದು ನನ್ನ ತೊಟ್ಟಿಲಿನಲ್ಲಿ. ಜನವರಿ ಹನ್ನೊಂದಕ್ಕೆ ಬಲಗೈಗೂ ಬಲಗಾಲಿಗೂ ಲಕ್ವಾ ಹೊಡೆಯಿತು. ನಾಲಿಗೆ ಎರಡು ದಿನ ತೊದಲಿ ಸರಿಹೋಯಿತು. ನಾಲಿಗೆ ಹೋಗಿ ಕೈ ಉಳಿದಿದ್ದರೆ ಮನೆಯಲ್ಲಿ ಶಾಂತಿಯಾದರೂ ಇರುತ್ತಿತ್ತು ಎಂದು ನನ್ನ ಹೆಂಡತಿ ಗಿರಿಜಾಬಾಯಿ ಹೇಳುತ್ತಾಳೆ. ಅವಳು ಔರಾದ ತಾಲೂಕಿನ ಡಾಬಕಾದವಳು. ಆ ಕಡೆಯವರಿಗೆ ಮಾತು ಕಡಿಮೆ, ಹಟ ಜಾಸ್ತಿ.

ಕೈ ನೋಯುತ್ತಿದೆ. ಎಣಿಸಿಕೊಳ್ಳಲಿ ಸಾಲು.

ಫೆಬ್ರವರಿ 28, ಭಾನುವಾರ

ಚಿಕ್ಕಪ್ಪನ ಮಗ ಕಾಶೀರಾಮ ಊರಿನಿಂದ ಜೀಪಿನ ಮೇಲೆ ತೊಲೆ ಹಾಕಿಕೊಂಡು ಬಂದ. ನಮ್ಮೂರು ಭಾಲ್ಕಿ ತಾಲೂಕಿನಲ್ಲಿ, ಮೆಹಕರ ದಾಟಿ ಇನ್ನೂ ಮುಂದೆ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿರುವ ಹಳ್ಳಿ. ಕಾಶೀರಾಮ ಅಲ್ಲಿ ಸಾಲಿ ಮಾಸ್ತರ, ನಮ್ಮ ಬೌದ್ಧವಾಡಾದ, ಅಂದರೆ ನಮ್ಮವರ ಓಣಿಯ, ಜಯಂತಿ ಕಮಿಟಿಗೂ ಅವನೇ ಮಾಸ್ತರ.

ತೊಲೆಯ ಕಥೆ ಬರೆಯಲೇಬೇಕು. ಊರ ನಡುವಿನ ದೊಡ್ಡ ಬಾವಿಯ ಬಾಯಿಗೆ ಅಡ್ಡಲಾಗಿ ಇದ್ದ ತೇಗದ ತೊಲೆ ಇದು. ರಾಟೆ ಇರಲಿಲ್ಲ, ಹಗ್ಗ ಕಟ್ಟಿಗೆಯ ಮೇಲೇ ಓಡುತ್ತಿತ್ತು. ಓಡಿ ಓಡಿ ಬೆರಳು ಕೂರುವಷ್ಟು ಗೀರು ಬಿದ್ದಿವೆ. ನಮ್ಮವರು ಆ ಕಟ್ಟೆ ಹತ್ತುವಂತಿರಲಿಲ್ಲ. ಅಜ್ಜಿ ಕೌಸಲ್ಯಾಬಾಯಿ ನಾಲ್ಕು ಮಾರು ದೂರದಲ್ಲಿ ಕೊಡ ಇಟ್ಟುಕೊಂಡು ನಿಲ್ಲುತ್ತಿದ್ದಳು. ಮೇಲಿನವರು ಮನಸ್ಸು ಬಂದರೆ ಇಳಿದು ಬಂದು ಎತ್ತರದಿಂದ ಸುರಿಯಬೇಕು. ಒಮ್ಮೆ ಅವಳ ಸೀರೆ ಹಿಡಿದು ನಾನೂ ನಿಂತಿದ್ದೆ. ಆರೇಳು ವರ್ಷ ಇರಬೇಕು. ಕುರಿಯವರ ಧೊಂಡಿಬಾ, ಆಗಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ, ಕೊಡ ತುಂಬಿ ತಂದು, ಅಜ್ಜಿ ಬಗ್ಗಿದೊಡನೆ ಒಂದು ಗೇಣು ಪಕ್ಕಕ್ಕೆ ನೆಲಕ್ಕೆ ಸುರಿದ. ಸುರಿದು ನಕ್ಕ. ಅಜ್ಜಿ ಏನೂ ಅನ್ನಲಿಲ್ಲ. ನಾನು ಇವತ್ತಿನವರೆಗೂ ಅನ್ನುತ್ತಲೇ ಇದ್ದೇನೆ.

ಮೂರು ವರ್ಷದ ಬರದಲ್ಲಿ ಬಾವಿ ಬತ್ತಿತು. ಡಿಸೆಂಬರಿನಲ್ಲಿ ಅದರ ಬಾಯಿಗೆ ಕಲ್ಲು ಹಾಸಿ ಮುಚ್ಚಿದರು. ತೊಲೆ ಕಿತ್ತು ಒಲೆಗೆ ಹಾಕುವವರಿದ್ದರು, ಕಾಶೀರಾಮ ಕೇಳಿಕೊಂಡು ತಂದ. ಏಪ್ರಿಲ್ ಹದಿನಾಲ್ಕರ ಬಾಬಾಸಾಹೇಬರ ಜಯಂತಿಗೆ ಹಾರದ ಬದಲು ನೋಟ್‌ಬುಕ್, ಪೆನ್ನು ತಂದಿಟ್ಟು ಆಮೇಲೆ ಮಕ್ಕಳಿಗೆ ಹಂಚುವುದು ನಮ್ಮ ವಾಡಾದ ರೂಢಿ. ಈ ಸಲ ನೂರ ಇಪ್ಪತ್ತೈದನೆಯದು. ಕಮಿಟಿಯ ಸಭೆಯಲ್ಲಿ ನಾನೇ ಎದ್ದು ನಿಂತು, “ಈ ತೊಲಿದು ಪೆನ್ನು ಮಾಡಿ ನಮ್ಮ ವಾಡಾದ ಒಂದೊಂದು ಕೂಸಿನ ಕೈಯಾಗೂ ಇಡ್ತೀನಿ” ಎಂದು ಎದೆ ತಟ್ಟಿದೆ. ಆಗ ತಟ್ಟಲು ಬಲಗೈ ಇತ್ತು.

“ನಲವತ್ತೊಂದು ಹುಡುಗ್ರು ಆಗ್ತಾವ,” ಎಂದು ಕಾಶೀರಾಮ ಪಟ್ಟಿ ಕೊಟ್ಟ. “ಅದ್ರಾಗ ಇಪ್ಪತ್ನಾಲ್ಕು ಹೈದರಾಬಾದಿಗಿ ಹೋಗ್ಯಾವ, ಅವ್ವ ಅಪ್ಪನ ಜೋಡಿ, ಬಿಲ್ಡಿಂಗ್ ಕೆಲಸಕ್ಕ. ಜಯಂತಿಗಿ ಎಲ್ಲಾರೂ ಬರ್ತಾರ. ಬಂದಾಗ ಕೈಯಾಗ ಪೆನ್ನು ಇಟ್ಟು ಸಾಲಿಗಿ ಕರೀತೀನಿ ನಾ. ಖಾಲಿ ಕೈಲಿ ಕರದ್ರ ಯಾರ ಬರ್ತಾರ ಅಣ್ಣ?”

“ಊರಾಗ ಈಗ ಯಾರದಾರ?” ಎಂದು ಕೇಳಿದೆ.

“ಮುದುಕರು, ಸಾಲಿ ಹುಡುಗ್ರು, ಕುರಿ, ನಾನು.”

ಹಾಳೂರಿಗೆ ಉಳಿದವನೇ ಗೌಡ. ಕಾಶೀರಾಮ ಈಗ ನಮ್ಮೂರ ಗೌಡ.

ಒಂದು ಸತ್ಯ ಇಲ್ಲಿ ಮಾತ್ರ ಬರೆದಿಡುತ್ತೇನೆ. ನಾನು ಜನ್ಮದಲ್ಲಿ ಮಾಡಿರುವ ಪೆನ್ನು ಮೂರು. ಹತ್ತು ವರ್ಷದ ಹಿಂದೆ, ಚೌಬಾರಾದ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಗೆಳೆಯ ರಶೀದ ಅಹ್ಮದನಿಗೆ. ಮೂರರಲ್ಲಿ ಒಂದು ಬರೆಯುತ್ತಿತ್ತು.

ಮಾರ್ಚ್ 1, ಮಂಗಳವಾರ

ಗಿರಿಜಾ ಮಷೀನಿಗೆ ಕೈ ಹಾಕಿದ್ದಾಳೆ. ನಾನು ಬೇಡ ಎಂದೆ. “ಹಂಗಾರ ಯಾರ ಮಾಡ್ತಾರ? ನಿಮ್ಮ ನಾಲಿಗಿ ಮಾಡ್ತದೇನು?” ಎಂದಳು. ಮೂವತ್ತು ವರ್ಷ ಅಡುಗೆಮನೆಯಿಂದ ಶೆಡ್ಡಿಗೆ ಚಹಾ ತಂದು ಕೊಟ್ಟವಳು. ಮಷೀನಿನ ಬಗ್ಗೆ ಅವಳಿಗೆ ಗೊತ್ತಿರುವುದು ಅದರ ಮೇಲೆ ಕಪ್ಪು ಇಡಬಾರದು ಎಂಬುದೊಂದೇ.

ನನ್ನ ಮಂಚವನ್ನು ಶೆಡ್ಡಿನ ಬಾಗಿಲಿಗೆ ಹಾಕಿಸಿಕೊಂಡಿದ್ದೇನೆ. ಅಲ್ಲಿ ಮಲಗಿಯೇ ಹುಕುಂ ಕೊಡುತ್ತೇನೆ. ಗರಗಸದ ಅಡ್ಡೆಯಲ್ಲಿ ತೊಲೆ ಸೀಳಿಸಿ ಬೆರಳುದ್ದದ ಚೌಕ ತುಂಡು ಮಾಡಿಸಿದ್ದೇವೆ. ಐವತ್ತೆರಡು ತುಂಡು ಸಿಕ್ಕಿವೆ. ಉಳಿದದ್ದೆಲ್ಲ ಗೆದ್ದಲು ತಿಂದದ್ದು. ಐವತ್ತೆರಡರಲ್ಲಿ ನಲವತ್ತೊಂದು ಪೆನ್ನು ಆಗಬೇಕು. ಈ ತೊಲೆಗೆ ಇನ್ನೊಂದು ತೊಲೆ ಇಲ್ಲ.

ಪೆನ್ನಿನಲ್ಲಿ ದುಂಡಗೆ ಮಾಡುವುದು ಕಷ್ಟವಲ್ಲ, ತೂತು ಕಷ್ಟ. ತುಂಡನ್ನು ಮಷೀನಿನ ದವಡೆಗೆ ಕಚ್ಚಿಸಬೇಕು, ಅದು ತಿರುಗುತ್ತದೆ. ಎದುರಿನ ತಲೆಗೆ ಕೊರೆಯುವ ಸಣ್ಣ ಬಿಟ್ ಸಿಕ್ಕಿಸಿ, ಚಕ್ರ ತಿರುವುತ್ತಾ ಅದನ್ನು ತುಂಡಿನ ನಡುವೆ ಉದ್ದಕ್ಕೂ ನುಗ್ಗಿಸಬೇಕು. ಆ ತೂತಿಗೆ ಹಿತ್ತಾಳೆಯ ನಳಿಗೆ ಅಂಟಿಸಿ, ನಳಿಗೆಯ ಸುತ್ತ ಕಟ್ಟಿಗೆ ಕೆತ್ತಿದರೆ ಪೆನ್ನು. ತೂತು ನಡುವೆ ಇಲ್ಲದಿದ್ದರೆ ಕೆತ್ತುವಾಗ ಒಂದು ಪಕ್ಕ ನಳಿಗೆ ಹೊರಗೆ ಇಣುಕುತ್ತದೆ.

“ಒತ್ತು!” ಎಂದೆ. ಒತ್ತಿದಳು. ಹೊಗೆ ಬಂತು. “ಇನ್ನೂ ಒತ್ತು!” ಎಂದೆ. ಬಿಟ್ ಒಂದು ಪಕ್ಕಕ್ಕೆ ಹೊರಬಂದು ನಮಸ್ಕಾರ ಮಾಡಿತು. ಮೂರು ತುಂಡು ಹಾಳು.

“ಯಾಕ ಅಷ್ಟು ಒತ್ತಿದಿ?” ಎಂದು ಕೇಳಿದೆ.

“ನೀವು ಒತ್ತು ಒತ್ತು ಅಂದ್ರಿ, ಒತ್ತಿದೆ. ಈಗ ಯಾಕ ಒತ್ತಿದಿ ಅಂತೀರಿ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಮಷೀನು ಹಾಳು ಮಾಡುತ್ತಾಳೆ.

ಮಾರ್ಚ್ 2, ಬುಧವಾರ

ಇನ್ನೆರಡು ಹಾಳು. ಮಾತು ಬಿಟ್ಟಿದ್ದೇವೆ. ನಲ್ಲಿ ಹನ್ನೊಂದು ದಿನದಿಂದ ಬಂದಿಲ್ಲ, ಅದೂ ಮಾತು ಬಿಟ್ಟಿದೆ.

ಮಾರ್ಚ್ 6, ಭಾನುವಾರ

ಗಿರಿಜಾ ಹಾಳಾದ ಐದರಲ್ಲಿ ಒಂದನ್ನು ಎತ್ತಿಕೊಂಡು ಏನೋ ಮಾಡುತ್ತಿದ್ದಳು. ಸಂಜೆ ತಂದು ನನ್ನ ಎಡಗೈಯಲ್ಲಿ ಇಟ್ಟಳು. ಪೆನ್ನು. ಇದರಿಂದಲೇ ಬರೆಯುತ್ತಿದ್ದೇನೆ.

ಪೆನ್ನು ಎನ್ನಲು ನಾಚಿಕೆಯಾಗಬೇಕು. ತೂತು ಒಂದು ಪಕ್ಕಕ್ಕೆ ಸರಿದಿರುವುದರಿಂದ ಪೂರ್ತಿ ದುಂಡಗೆ ಮಾಡಲಾಗಿಲ್ಲ. ಒಂದು ಮಗ್ಗಲು ತೆಳ್ಳಗೆ, ಇನ್ನೊಂದು ಮಗ್ಗಲು ದಪ್ಪ, ಆರು ತಿಂಗಳ ಬಸುರಿಯಂತೆ. ದಪ್ಪ ಮಗ್ಗಲು ತೊಲೆಯ ಮೇಲ್ಭಾಗದ್ದು. ಅಲ್ಲಿ ಹಗ್ಗ ಓಡಿದ ಗೀರು ಹಾಗೇ ಉಳಿದಿದೆ. ಉಪ್ಪುಕಾಗದ ಹಾಕಿ ತಿಕ್ಕಿ ನುಣುಪು ಮಾಡಿದ್ದಾಳೆ.

“ಇದು ಪಟ್ಟಿದಾಗಿಂದಲ್ಲ, ನಿಮದು. ಮಂಚದ ಮ್ಯಾಲಿಂದ ಉಳ್ಳಿ ಬೀಳಂಗಿಲ್ಲ,” ಎಂದಳು.

ಉರುಳುವುದಿಲ್ಲ, ನಿಜ. ಹಗ್ಗದ ಗೀರಿನಲ್ಲಿ ಹೆಬ್ಬೆರಳು ಸರಿಯಾಗಿ ಕೂರುತ್ತದೆ. ಪೆನ್ಸಿಲ್ ಹಿಡಿದಾಗ ಜಾರುತ್ತಿದ್ದ ಕೈ ಜಾರುತ್ತಿಲ್ಲ. ಇದನ್ನು ಅವಳಿಗೆ ಹೇಳಿಲ್ಲ. ಹೇಳಿದರೆ ಹೊಗಳಿದಂತಾಗುತ್ತದೆ.

ಮಾರ್ಚ್ 11, ಶುಕ್ರವಾರ

ಆರನೆಯ ತುಂಡು ಕೊರೆಯುವಾಗ ಕಿರ್ ಎಂದು ಸದ್ದು ಬಂತು. ನಾನು ಮಂಚದ ಮೇಲಿಂದಲೇ “ನಿಲ್ಲಸು!” ಎಂದು ಕೂಗಿದೆ. ಅವಳು ನಿಲ್ಲಿಸುವಷ್ಟರಲ್ಲಿ ಬಿಟ್ ಮುರಿದಿತ್ತು. ಒಳಗೆ ಒಂದು ಮೊಳೆ. ಯಾವ ಕಾಲದ ಮೊಳೆಯೋ. ಇದ್ದದ್ದು ಒಂದೇ ಬಿಟ್ಟು. ರಶೀದ ಅಹ್ಮದನಿಗೆ ಫೋನು ಮಾಡಿದರೆ ಹೈದರಾಬಾದಿನಿಂದ ತರಿಸಬೇಕು, ನಾಲ್ಕು ದಿನ ಎಂದ.

ನನಗೆ ಅಳು ಬಂತು. ಮೊಳೆಗಾಗಿ ಅಲ್ಲ. ನಾನೇ ಮಷೀನಿನ ಮುಂದೆ ನಿಂತಿದ್ದರೆ ಬೆರಳಿಗೇ ತಿಳಿಯುತ್ತಿತ್ತು. ಈ ಬಲಗೈ ಮಡಿಲಲ್ಲಿ ಬಿದ್ದುಕೊಂಡಿದೆ, ಯಾರದೋ ಮನೆಯಿಂದ ಎರವಲು ತಂದು ಹಿಂದಿರುಗಿಸದೆ ಉಳಿದ ಸಾಮಾನಿನಂತೆ. ಗಿರಿಜಾ ನೋಡಿದಳು. ಸಮಾಧಾನ ಹೇಳಲಿಲ್ಲ. ಔರಾದದವರು ಸಮಾಧಾನ ಹೇಳುವುದಿಲ್ಲ, ಜ್ವಾರಿ ರೊಟ್ಟಿ ತಟ್ಟುತ್ತಾರೆ. ಇವತ್ತು ಪುಂಡಿಪಲ್ಯದ ಜೊತೆ ಮೂರು ರೊಟ್ಟಿ ತಿಂದೆ.

ಮಾರ್ಚ್ 15, ಮಂಗಳವಾರ

ರಶೀದ ಅಹ್ಮದ ಬಂದ. ಮೂರು ಬಿಟ್ಟು ತಂದಿದ್ದಾನೆ. “ಭಾಭಿ, ಇವು ಜರಾ ನಾಜೂಕು ಅದಾವ. ಈ ಮಚ್ಛೇಂದ್ರ ಭಾಯ್ ಮಾತು ಕೇಳಿ ಒತ್ತಬ್ಯಾಡ್ರಿ. ಇಂವ ನನಗ ಮಾಡಿ ಕೊಟ್ಟ ಪೆನ್ನು ಇನ್ನೂ ಅದ, ಅದ್ರಾಗ ಕಿವಿ ಕೆರಕೋತೀನಿ ನಾ,” ಎಂದ.

ಅವನು ಹೊರಟ ಮೇಲೆ ಗಿರಿಜಾ ನನ್ನನ್ನು ನೋಡಿದಳು, ಆಮೇಲೆ ನನ್ನ ಕಿವಿಯನ್ನು ನೋಡಿದಳು. ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು.

ಮಾರ್ಚ್ 17, ಗುರುವಾರ

ಇವತ್ತು ದೊಡ್ಡ ಜಗಳ. ಬೆಳಿಗ್ಗೆ ಎರಡು ತುಂಡು ಕಾವಿಗೆ ಬಿರುಕು ಬಿಟ್ಟವು. ನಾನು ಎಂದಿನಂತೆ ಕೂಗಾಡಿದೆ. ಗಿರಿಜಾ ಮಷೀನು ಬಂದ್ ಮಾಡಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಮಂಚದ ಮುಂದೆ ಬಂದು ನಿಂತಳು.

“ನೀವು ಎಂದರ ಬಾವಿ ನೀರು ಸೇದೀರೇನ್ರಿ?”

“ಗಂಡಸರು ಯಾಕ ಸೇದ್ತಾರ?”

“ಹಂಗಾರ ಸುಮ್ಮ ಕೂಡ್ರಿ. ನಾ ಡಾಬಕಾದಾಗ ಹತ್ತು ವರ್ಷ ಸೇದೀನಿ. ಕೊಡ ಒಳಗ ಬಿಟ್ಟು ತಳಕ್ಕ ಒತ್ತಿ ಹಿಡದ್ರ ನೀರು ಬರ್ತದೇನು? ಬಿಡಬೇಕು, ಎಳೀಬೇಕು.”

ಹೋಗಿ ಹೊಸ ತುಂಡು ಕಚ್ಚಿಸಿದಳು. ಬಿಟ್ಟನ್ನು ಉಗುರಿನಷ್ಟು ಒಳಗೆ ಬಿಟ್ಟಳು, ಪೂರ್ತಿ ಹೊರಗೆಳೆದಳು, ಹುಡಿ ಊದಿದಳು. ಮತ್ತೆ ಉಗುರಿನಷ್ಟು, ಮತ್ತೆ ಹೊರಗೆ. ಮೂವತ್ತೈದು ವರ್ಷದ ಖರಾದಿ ನಾನು, ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದೆ. ಸದ್ದು ಇನ್ನೂ ತುಸು ಚೂಪಾಗಿತ್ತು. “ಬೆಲ್ಟು ದೊಡ್ಡ ಗಾಲಿಗಿ ಹಾಕು. ವೇಗ ಕಡಿಮಿ ಆಗ್ತದ,” ಎಂದೆ. ಕೂಗಲಿಲ್ಲ, ಸುಮ್ಮನೆ ಹೇಳಿದೆ. ಹಾಕಿದಳು. ಸದ್ದು ಬದಲಾಯಿತು. ಎಮ್ಮೆ ಮೆಲುಕು ಹಾಕಿದಂತೆ, ಒಂದೇ ಸಮ.

ತೂತು ಎಲ್ಲಿಂದ ಹೊಕ್ಕಿತೋ ಅದರ ನೆಟ್ಟಗೆ ಹೊರಬಂತು. ಗಿರಿಜಾ ತುಂಡನ್ನು ಕಣ್ಣಿಗೆ ಹಿಡಿದು ಅದರೊಳಗಿಂದ ನನ್ನನ್ನು ನೋಡಿದಳು.

“ಕಾಣಸ್ತೀರಿ,” ಎಂದಳು.

ಮಾರ್ಚ್ 24, ಗುರುವಾರ

ಬಣ್ಣ ಆಡಲು ನೀರಿಲ್ಲ ಎಂದು ಓಣಿಯ ಹುಡುಗರು ಬರೀ ಗುಲಾಲು ಹಚ್ಚಿಕೊಂಡು ತಿರುಗಿದರು. ರಶೀದ ಅಹ್ಮದ ನನ್ನ ಬೋಳು ತಲೆಗೂ ಒಂದು ಚಿಟಿಕೆ ಹಾಕಿ ಹೋದ. ತೊಳೆಯಲು ಒಂದು ತಂಬಿಗೆ ನೀರು ಕೇಳಿದರೆ ಗಿರಿಜಾ, “ಚಂದ ಕಾಣಸ್ತದ, ಇರ್ಲಿ” ಎಂದಳು.

ಹತ್ತೊಂಬತ್ತು ಆಗಿವೆ. ಹಾಳಾದದ್ದು ಒಟ್ಟು ಒಂಬತ್ತು. ಈಗ ನನಗೂ ಒಂದು ಕೆಲಸ ಹಚ್ಚಿದ್ದಾಳೆ. ಪಟ್ಟಿ ನೋಡಿ ಒಂದೊಂದು ಚೀಟಿಯ ಮೇಲೆ ಒಂದೊಂದು ಮಗುವಿನ ಹೆಸರು ಬರೆಯುವುದು. ಅದನ್ನು ದಾರದಿಂದ ಪೆನ್ನಿಗೆ ಕಟ್ಟುತ್ತಾಳೆ. ಯಾರ ಪೆನ್ನು ಯಾರೂ ಕಸಿದುಕೊಳ್ಳಬಾರದಂತೆ. ಒಂದು ಹೆಸರಿಗೆ ಹದಿನೈದು ನಿಮಿಷ ಬೇಕಾಗುತ್ತದೆ. ಪ್ರಜ್ಞಾಶೀಲ ಎಂದು ಒಬ್ಬನಿಗೆ ಹೆಸರಿಟ್ಟಿದ್ದಾರೆ. ಅವನ ಅಪ್ಪನನ್ನು ಕರೆದು ಒತ್ತಕ್ಷರ ಬರೆಸಬೇಕು. ನಾಲ್ಕು ಚೀಟಿ ಹರಿದು ಐದನೆಯದರಲ್ಲಿ ಸರಿಯಾಗಿ ಬಂತು. ಗಿರಿಜಾಗೆ ತೋರಿಸಿದೆ.

“ಕೋಳಿ ಎಲ್ಲಿ ಹೋತು?” ಎಂದು ಕೇಳಿದಳು.

ನೋಟ್‌ಬುಕ್ಕಿನ ಮೊದಲ ಪುಟ ಕದ್ದು ನೋಡಿದ್ದಾಳೆ ಕಳ್ಳಿ. ಇನ್ನು ಮೇಲೆ ದಿಂಬಿನ ಕೆಳಗೆ ಇಡಬೇಕು.

ಏಪ್ರಿಲ್ 2, ಶನಿವಾರ

ದವಾಖಾನೆಗೆ ಹೋಗಿದ್ದೆವು. ಕಸರತ್ತಿನ ಹುಡುಗಿ ಸಾಲು ಎಣಿಸುವುದನ್ನು ಬಿಟ್ಟಿದ್ದಾಳೆ. “ಇನ್ನ ಎಣಿಸಲಾಕ ನನಗ ಆಗಂಗಿಲ್ರಿ ಕಾಕಾ,” ಎಂದಳು. ಬಲಗೈ ಮೊದಲಿನಂತೆ ಆಗುತ್ತದೆಯೇ ಎಂದು ಕೇಳಿದೆ. ಅವಳು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದಳು. ಉಳಿ ಹಿಡಿಯಬಹುದೇ ಎಂದು ನೇರವಾಗಿ ಕೇಳಿದೆ. ತಲೆ ತಗ್ಗಿಸಿ, “ಚಮಚಾ ಹಿಡೀಬಹುದ್ರಿ,” ಎಂದಳು.

ಮನೆಗೆ ಬಂದ ಕೂಡಲೇ ಗಿರಿಜಾ ಮಷೀನು ಶುರು ಮಾಡಿದಳು. ನಾನು ಆರು ಹೆಸರು ಬರೆದೆ. ಒಂದು ಕ್ಷಣಕ್ಕೂ ಚಮಚದ ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಸಲ ಆಯಿತು.

ಏಪ್ರಿಲ್ 8, ಶುಕ್ರವಾರ

ಯುಗಾದಿ. ಬೇವು ಸಿಕ್ಕಿತು, ಬೆಲ್ಲಕ್ಕೆ ಅಂಗಡಿಗೆ ಹೋಗಬೇಕಾಯಿತು. ಬರಗಾಲದಲ್ಲಿ ಬೇವಿನ ಮರವೊಂದೇ ಹಸಿರಾಗಿದೆ, ಅಹಂಕಾರಿ.

ಮೂವತ್ತಾರು ಆಗಿವೆ. ಹಾಳಾದದ್ದು ಹನ್ನೊಂದು. ಉಳಿದಿರುವುದು ಐದು ತುಂಡು, ಬೇಕಾಗಿರುವುದೂ ಐದು. ಇನ್ನು ಒಂದು ಹೋದರೂ ಒಂದು ಮಗು ಖಾಲಿ ಕೈ. ಗಿರಿಜಾ ಇವತ್ತು ಮಷೀನು ಮುಟ್ಟಲಿಲ್ಲ. “ಕೈ ನಡಗ್ಲತ್ತಾವ,” ಎಂದಳು. ನಡುಗುವ ಕೈಯ ಬಗ್ಗೆ ಈ ಮನೆಯಲ್ಲಿ ನನಗಿಂತ ತಿಳಿದವರು ಯಾರೂ ಇಲ್ಲ. “ಇವತ್ತು ಬ್ಯಾಡ. ನಾಳಿ ಒಂದು, ನಾಡಿದ್ದು ಒಂದು,” ಎಂದೆ. ಒತ್ತು ಒತ್ತು ಎಂದವನೂ ನಾನೇ.

ಏಪ್ರಿಲ್ 12, ಮಂಗಳವಾರ

ನಲವತ್ತೊಂದು.

ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ಬಂತಂತೆ. ಟಿವಿಯಲ್ಲಿ ಜನ ರೈಲಿಗೆ ಹಾರ ಹಾಕುತ್ತಿದ್ದಾರೆ. ನಮ್ಮ ಮೈಲೂರಿನ ನಲ್ಲಿಗೂ ಇವತ್ತು ನೀರು ಬಂತು, ಅದಕ್ಕೆ ಯಾರೂ ಹಾರ ಹಾಕಲಿಲ್ಲ. ಕೊನೆಯ ತುಂಡು ಕೊರೆಯುವಾಗ ಗಿರಿಜಾ ನಲ್ಲಿಗೆ ಕೊಡ ಹಚ್ಚುವುದನ್ನೂ ಮರೆತಳು. ಒಂದೂವರೆ ತಾಸು ನೀರು ಸುಮ್ಮನೆ ಹರಿದು ಹೋಯಿತು. ಹದಿಮೂರು ದಿನದ ನಂತರ ಬಂದ ನೀರು! ಓಣಿಯ ಹೆಂಗಸರು ಬಂದು ಬೈದರು. ಬೈಸಿಕೊಂಡು ಇಬ್ಬರೂ ನಕ್ಕೆವು.

ಏಪ್ರಿಲ್ 15, ಶುಕ್ರವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತು ಪೂರ್ತಿ ಬರೆಯುತ್ತೇನೆ.

ಕಾಶೀರಾಮ ಕಳಿಸಿದ ಜೀಪಿನಲ್ಲಿ ಊರಿಗೆ ಹೋದೆವು. ನನ್ನನ್ನು ಕುರ್ಚಿ ಸಮೇತ ಎತ್ತಿ ಪಂಚಶೀಲ ಧ್ವಜದ ಪಕ್ಕ ಕೂರಿಸಿದರು, ಉತ್ಸವಮೂರ್ತಿಯಂತೆ. ನಮ್ಮಲ್ಲಿ ಮೂರ್ತಿಪೂಜೆ ಇಲ್ಲ ಎಂದು ನೆನಪಿಸಿದೆ, ಯಾರೂ ನಗಲಿಲ್ಲ. ಹೈದರಾಬಾದಿನಿಂದ ಎರಡು ಟೆಂಪೊ ತುಂಬಿ ಜನ ಬಂದಿದ್ದರು. ಮಕ್ಕಳ ಕೂದಲಲ್ಲಿ ಇನ್ನೂ ಸಿಮೆಂಟು. ವಂದನೆ ಆಯಿತು, ಭಾಷಣ ಆಯಿತು, ಭಾಷಣದ ಮೇಲೆ ಭಾಷಣ ಆಯಿತು. ಆಮೇಲೆ ಕಾಶೀರಾಮ ಒಂದೊಂದೇ ಹೆಸರು ಕೂಗಿದ. ಗಿರಿಜಾ ಒಂದೊಂದೇ ಪೆನ್ನು ತೆಗೆದು ಕೊಟ್ಟಳು. “ಈ ಪೆನ್ನು ಯಾರು ಮಾಡ್ಯಾರ ಗೊತ್ತದೇನು?” ಎಂದು ಕಾಶೀರಾಮ ಕೇಳಿದ. ಮಕ್ಕಳು ನನ್ನ ಕಡೆ ನೋಡಿದರು. ನಾನು ಗಿರಿಜಾಳ ಕಡೆ ಕೈ ತೋರಿಸಿದೆ. ಇದು ನಾನು ಯೋಚಿಸಿ ಮಾಡಿದ್ದಲ್ಲ.

ಪ್ರಜ್ಞಾಶೀಲ ಎಂಬವನು ಹಿಡಿಯಷ್ಟಿದ್ದಾನೆ. ಹೆಸರು ಅವನಿಗಿಂತ ದೊಡ್ಡದು.

ಇಬ್ಬರು ಬರಲಿಲ್ಲ. ಅವರ ಅಪ್ಪನಿಗೆ ಗುತ್ತೇದಾರ ರಜೆ ಕೊಟ್ಟಿಲ್ಲವಂತೆ. ಎರಡು ಪೆನ್ನು ಡಬ್ಬಿಯಲ್ಲೇ ಉಳಿದವು.

ಎಲ್ಲ ಮುಗಿದು ಊಟಕ್ಕೆ ಏಳುವಾಗ ನೋಡಿದೆ. ನಾಲ್ಕು ಮಾರು ದೂರದಲ್ಲಿ ಹತ್ತು ವರ್ಷದ ಒಂದು ಹುಡುಗಿ ನಿಂತಿದ್ದಾಳೆ. ಪಕ್ಕದಲ್ಲಿ ಕೋಲೂರಿಕೊಂಡು ಒಬ್ಬ ಮುದುಕ. ತಲೆಗೆ ಪಟಕಾ, ಹೆಗಲಿಗೆ ಕಂಬಳಿ. ಧೊಂಡಿಬಾ.

ಅವನೇ ಮಾತಾಡಿದ. “ಮಚ್ಛೇಂದ್ರ, ಇಕಿ ನನ್ನ ಮೊಮ್ಮಗಳು. ಮಗ ಸೊಸಿ ಕುರಿ ಹೊಡಕೊಂಡು ನಾಂದೇಡದ ಕಡಿ ಹೋಗ್ಯಾರ. ಸಾಲಿ ಬಿಡಂಗಿಲ್ಲ ಅಂತ ಇಕಿ ನನ್ನ ಬಲ್ಲಿ ಉಳದಾಳ. ಸಾಲ್ಯಾಗಿನ ಹುಡುಗ್ರು ಪೆನ್ನು ಕೊಡ್ತಾರ ಅಂದಾವ. ನಮ್ಮ ಹೆಸರು ಪ‌ಟ್ಟಿದಾಗ ಇರಂಗಿಲ್ಲ, ಬ್ಯಾಡ ಅಂದೆ. ಕೇಳಲಿಲ್ಲ.”

“ಪಟ್ಟಿ ನಮ್ಮ ವಾಡಾದ್ದು, ಧೊಂಡಿಬಾ,” ಎಂದೆ.

“ಹೌದಪ್ಪ. ಗೊತ್ತದ.”

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ? ಐವತ್ತು ವರ್ಷ ಕಾಯಿಸಿಟ್ಟ ಖುಷಿ. ಅಜ್ಜಿ ನಿಂತಷ್ಟೇ ದೂರದಲ್ಲಿ ಅವನು ನಿಂತಿದ್ದಾನೆ, ಕೊಡುವವನ ಜಾಗದಲ್ಲಿ ನಾನು ಕುರ್ಚಿಯ ಮೇಲೆ ಕೂತಿದ್ದೇನೆ. ಒಂದು ಗೇಣು ಪಕ್ಕಕ್ಕೆ ಸುರಿಯುವ ಸರದಿ ನನ್ನದು. ಆಮೇಲೆ ಹುಡುಗಿಯನ್ನು ನೋಡಿದೆ. ಅವಳು ನನ್ನನ್ನೂ ಅಜ್ಜನನ್ನೂ ನೋಡುತ್ತಿರಲಿಲ್ಲ, ಡಬ್ಬಿಯನ್ನು ನೋಡುತ್ತಿದ್ದಳು. ಅಜ್ಜಿಯ ಸೀರೆ ಹಿಡಿದು ನಿಂತಾಗ ನಾನೂ ಕೊಡವನ್ನೇ ನೋಡುತ್ತಿದ್ದೆ. ಖುಷಿ ಹಳಸಿಹೋಯಿತು.

“ಬರದೇ ಇದ್ದವರದು ಎರಡು ಅದಾವಲ್ಲ, ಅದ್ರಾಗಿಂದು ಒಂದು ಕೊಟ್ರಾತು,” ಎಂದ ಕಾಶೀರಾಮ ಮೆಲ್ಲಗೆ.

ಗಿರಿಜಾ ಡಬ್ಬಿ ಮುಚ್ಚಿದಳು. “ಇವು ಕೊಡಂಗಿಲ್ಲ. ಹೆಸರು ಬರದದ. ಆ ಹುಡುಗ್ರು ಬರ್ತಾವ.” ಆಮೇಲೆ ಕಾಶೀರಾಮನ ಕಡೆಗೂ ನನ್ನ ಕಡೆಗೂ ತಿರುಗಿದಳು. “ಪಟ್ಟಿ ಮಾಡೋ ಮುಂದ ನಿಮಗ ಒಬ್ಬರಿಗರ ತಲ್ಯಾಗ ಬಂತೇನು? ಬಾವಿ ಓಣಿ ನೋಡಿ ನೀರು ಕೊಟ್ಟಿತು ಅಂತ ಜಲ್ಮೆಲ್ಲಾ ಬೈಕೋತ ಬಂದ್ರಿ. ಅದೇ ಬಾವಿ ಕಟಗಿ ಕೈಗಿ ಬಂತು, ನೀವೂ ಓಣಿ ನೋಡೇ ಪಟ್ಟಿ ಮಾಡಿದ್ರಿ. ನಾನೂ ನೋಡ್ಲಿಲ್ಲ, ತೂತು ನೋಡ್ಕೋತ ಕೂತೆ.”

ಕಾಶೀರಾಮ ಮಾಸ್ತರ ಕೈಯಲ್ಲಿದ್ದ ಪಟ್ಟಿ ಮಡಚಿ ಕಿಸೆಗೆ ಹಾಕಿಕೊಂಡ.

“ಹೆಸರೇನವ್ವ ನಿಂದು?” ಎಂದು ಹುಡುಗಿಯನ್ನು ಕೇಳಿದೆ.

“ಜನಾಬಾಯಿ ರಿ.”

ಅಂಗಿಯ ಕಿಸೆಯಿಂದ ನನ್ನ ಪೆನ್ನು ತೆಗೆದೆ. ತೊಡೆಯ ಮೇಲೆ ಚೀಟಿ ಇಟ್ಟು ಅದೇ ಪೆನ್ನಿನಿಂದ ಅವಳ ಹೆಸರು ಬರೆದೆ. ಗಿರಿಜಾ ದಾರ ಕಟ್ಟಿದಳು. “ಇಲ್ಲಿ ಬಾ, ಹಂತೇಕ ಬಾ. ನನಗ ಏಳಲಿಕ್ಕ ಬರಂಗಿಲ್ಲ,” ಎಂದೆ. ಬಂದಳು. ಅಂಗೈ ಚಾಚಿದಳು, ಮೇಲಿನಿಂದ ಹಾಕುತ್ತಾರೆ ಎಂಬಂತೆ. ನಾನು ಅವಳ ಬೆರಳು ಹಿಡಿದು ಗೀರಿನಲ್ಲಿ ಹೆಬ್ಬೆರಳು ಕೂರಿಸಿ ತೋರಿಸಿದೆ.

“ಇದು ಉಳ್ಳಂಗಿಲ್ಲ,” ಎಂದೆ.

ಧೊಂಡಿಬಾ ಮೊಮ್ಮಗಳ ಕೈಯಿಂದ ಪೆನ್ನು ಇಸಿದುಕೊಂಡು ಗೀರಿನ ಮೇಲೆ ಹೆಬ್ಬೆರಳು ಆಡಿಸಿದ. ಬಹಳ ಹೊತ್ತು ಆಡಿಸಿದ. “ಇದು ನಮ್ಮ ಹಗ್ಗದ್ದು,” ಎಂದ.

“ಹೌದು. ಜಗ್ಗಿದವರು ನೀವು. ಕೊರೆದಾಕಿ ನನ್ನ ಹೆಂಡತಿ.”

ಅವನ ಕಣ್ಣು ಒದ್ದೆಯಾದವು. ಆ ದಿನದ ಕೊಡ ಅವನಿಗೆ ನೆನಪಿದೆಯೋ ಇಲ್ಲವೋ ನಾನು ಕೇಳಲಿಲ್ಲ. ನೆನಪಿಲ್ಲ ಎಂದಿದ್ದರೆ ನನಗೆ ಅಲ್ಲೇ ಇನ್ನೊಂದು ಲಕ್ವಾ ಹೊಡೆಯುತ್ತಿತ್ತು. ಕ್ಷಮಿಸಿದ್ದೇನೆ ಎಂದೂ ಇಲ್ಲಿ ಬರೆಯುತ್ತಿಲ್ಲ. ಊಟಕ್ಕೆ ಕರೆದೆ. ನಮ್ಮ ಪಂಕ್ತಿಯಲ್ಲಿ ಕೂತು ಮುದುಕ ಎರಡು ಸಲ ಅನ್ನ ಹಾಕಿಸಿಕೊಂಡ. ನೀರು ಬಡಿಸುವಾಗ ಗಿರಿಜಾ ಅವನ ಗ್ಲಾಸಿನಲ್ಲೇ ಸುರಿದಳು. ನಾನು ಕಣ್ಣಿಟ್ಟು ನೋಡಿದೆ, ಒಂದು ಹನಿಯೂ ಪಕ್ಕಕ್ಕೆ ಬೀಳಲಿಲ್ಲ.

ಏಪ್ರಿಲ್ 17, ಭಾನುವಾರ

ರಶೀದ ಅಹ್ಮದನ ಅಂಗಡಿಯ ಮೂರು ರೂಪಾಯಿಯ ಬಾಲ್‌ಪೆನ್ನಿನಿಂದ ಬರೆಯುತ್ತಿದ್ದೇನೆ. ಎರಡು ಸಲ ಮಂಚದಿಂದ ಉರುಳಿ ಬಿತ್ತು.

ಇನ್ನು ಬೀಳುವುದಿಲ್ಲ, ಯಾಕೆಂದರೆ ಮಂಚವೇ ಇಲ್ಲ. ಬೆಳಿಗ್ಗೆ ನನ್ನನ್ನು ಕುರ್ಚಿಗೆ ದಾಟಿಸಿ, ಗಿರಿಜಾ ಗರಗಸ ತೆಗೆದುಕೊಂಡು ಮಂಚದ ನಾಲ್ಕೂ ಕಾಲು ಕೊಯ್ದಳು. ನಮ್ಮ ಮದುವೆಗೆ ನಾನೇ ತಿರುಗಿಸಿದ ಬೀಟೆಯ ಕಾಲುಗಳು. ಜನವರಿಯಿಂದ ನಾನು ಬಿದ್ದುಕೊಂಡಿದ್ದ ಮಂಚ.

“ಮಂಚ ಕೊಯ್ದರ ನಾ ಎಲ್ಲಿ ಮಲಗಲಿ?” ಎಂದು ಕೂಗಿದೆ.

“ರಾತ್ರಿ ನೆಲದ ಮ್ಯಾಲ ಹಾಸಿಗಿ ಹಾಕ್ತೀನಿ. ಹಗಲೊತ್ತು ಯಾಕ ಮಲಗ್ತೀರಿ? ಕಾಶೀರಾಮಗ ಫೋನ್ ಹಚ್ಚಿ ಊರಾಗ ಇನ್ನೂ ಎಷ್ಟು ಹುಡುಗ್ರು ಅದಾವ ಕೇಳ್ರಿ. ನಾಲ್ಕು ಕಾಲಿಗಿ ಇಪ್ಪತ್ತು ತುಂಡು ಬರ್ತಾವ.”

ಕಾಶೀರಾಮ ಪೆನ್ನು ಸಿಗದೆ ಉಳಿದ ಹದಿನೇಳು ಮಕ್ಕಳ ಹೆಸರು ಹೇಳಿದ. ಬರೆದುಕೊಂಡೆ. ಈ ಪಟ್ಟಿಗೆ ಓಣಿಯ ಹೆಸರು ಹಾಕಿಲ್ಲ.

ಶೆಡ್ಡಿನಲ್ಲಿ ಗಿರಿಜಾ ತನ್ನ ಮಷೀನು ಶುರು ಮಾಡಿದ್ದಾಳೆ. ಬೀಟೆ ತೇಗಕ್ಕಿಂತ ಗಟ್ಟಿ, ಆದರೆ ಸದ್ದು ಒಂದೇ ಸಮ ಬರುತ್ತಿದೆ. ಬಿಡುತ್ತಾಳೆ, ಎಳೆಯುತ್ತಾಳೆ, ಊದುತ್ತಾಳೆ. ನೋಡಲು ನಾನು ಕತ್ತು ತಿರುಗಿಸಲಿಲ್ಲ. ಬರೆಯಬೇಕಾದ ಚೀಟಿ ಇನ್ನೂ ಹದಿನಾಲ್ಕು ಉಳಿದಿವೆ.